ಹತ್ತಿ ಬಿಡಿಸುವಾಗ ಕತ್ತು ನಿಂತಿತು

ಕಳೆದ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಹಿರಿಯೂರಿನಲ್ಲಿ ಮಕ್ಕಳ ತಪಾಸಣಾ ಶಿಬಿರ. ಹಾಜರಿದ್ದವರು: ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಬಬ್ಬೂರು ಕಡೆಯ ಹೊಲದ ಕೂಲಿ ತಿಪ್ಪಮ್ಮ, ಅವಳ ಸೊಂಟದ ಮೇಲೆ ಮೂರು ವರ್ಷದ ಮಗಳು ಸಿಂಧು, ಹಿಂದೆ ಒಂದು ಕ್ಯೂ, ಮತ್ತು ನೆರವಿಗೆಂದು ಬಂದ ನಾನು. (ನಾನು ಒಂಬತ್ತು ಐವತ್ತಕ್ಕೇ ಹಾಜರ್. ಹೆಡ್‌ಮಿಸ್ ಕೆಲಸ ಮುಗಿದರೂ ಗಡಿಯಾರ ನನ್ನನ್ನು ಬಿಟ್ಟಿಲ್ಲ.)

ಸಿಂಧು ಇನ್ನೂ ಮಾತಾಡುವುದಿಲ್ಲ. ನಡಿಗೆಯೂ ತೂರಾಟ. ಡಾಕ್ಟರು ಚೀಟಿ ಬರೆದರೆ ಚಿತ್ರದುರ್ಗದ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಮಗುವಿಗೆ ಮಾತು, ನಡಿಗೆಯ ತರಬೇತಿ. ಇಲ್ಲದಿದ್ದರೆ ಮುಂದಿನ ಶಿಬಿರದವರೆಗೆ ಕಾಯಬೇಕು. ಚೀಟಿಗೆ ಬೇಕಾದದ್ದು ಇಷ್ಟೇ: ಮಗುವಿನ ಕತ್ತು ನಿಂತದ್ದು, ಮಗು ಕೂತದ್ದು, ನಡೆದದ್ದು ಯಾವಾಗ? ಎಷ್ಟು ಸುಲಭ! ಸ್ಕೇಲ್ ಇಟ್ಟು ಗೆರೆ ಎಳೆದ ಹಾಳೆಯೊಂದನ್ನು ಹಿಂದಿನ ವಾರವೇ ತಿಪ್ಪಮ್ಮನಿಗೆ ಕೊಟ್ಟು, ತಾರೀಖು ಬರೆಸಿಕೊಂಡು ಬಾ ಎಂದಿದ್ದೆ.

ಹಾಳೆ ಖಾಲಿ ಬಂತು.

"ಮನೇಲಿ ಕ್ಯಾಲೆಂಡರ್ ಇಲ್ವೇನೇ?" ಎಂದು ರೇಗಿದೆ.

"ಐತ್ರಿ ಮೇಡಂ. ಅಮಾಸಿ ನೋಡಾಕೆ."

ಕ್ಯೂನಲ್ಲಿದ್ದ ಹೆಂಗಸೊಬ್ಬಳು ಕುಟುಕಿದಳು: "ಹೆತ್ತೋಳಿಗೇ ಗೊತ್ತಿಲ್ಲಾಂದ್ರೆ ಪಕ್ಕದ ಮನೇರಿಗೆ ಗೊತ್ತಿರ್ತದಾ?"

ಡಾಕ್ಟರ ಪೆನ್ನು 'ತಾಯಿಗೆ ತಿಳಿದಿಲ್ಲ' ಎಂದು ಬರೆಯಲು ಶುರುಮಾಡಿತು. ತಿಪ್ಪಮ್ಮ ಸೆರಗು ಬಾಯಿಗೆ ಹಿಡಿದು ಗೊಣಗಿದಳು: "ಹತ್ತಿ ಬಿಡ್ಸೋವಾಗ ಕತ್ತು ನಿಂತ್ತು. ಅದಕ್ಕೆ ತಾರೀಖು ಎಲ್ಲಿಂದ ತರ್ಲಿ?"

ತಪ್ಪು ನನ್ನದು! ಕೇಳಬೇಕಾದ ಪ್ರಶ್ನೆಯೇ ಬೇರೆ.

"ಮಗು ಕೂತಾಗ ನೀನು ಯಾವ ಕೆಲಸಕ್ಕೆ ಹೋಗ್ತಿದ್ದೆ?"

"ಮರುವರ್ಷ ಈರುಳ್ಳಿ ಬಿತ್ತಾಕೆ."

"ನಡೆದಾಗ?"

"ಅದರ ಮುಂದಿನ ವರ್ಷ, ಶೇಂಗಾ ಕೀಳಾಕೆ."

"ಹುಟ್ಟಿದಾಗ?"

"ಈರುಳ್ಳಿ ಕಳೆ. ಹಿಂದಿನ ದಿನಾನೂ ಕಳೆ ಕಿತ್ತಿದ್ದೆ. ದಿನ ತುಂಬಿರ್ಲಿಲ್ರಿ. ಕೂಸು ಅಂಗೈಯಷ್ಟಿತ್ತು. ಹದಿನೈದು ದಿನಕ್ಕೆ ಮತ್ತೆ ಹೊಲಕ್ಕೋದೆ."

ನಾನು ಬೆಳೆಗಳನ್ನು ತಿಂಗಳುಗಳಾಗಿಸಿ ಹೇಳುತ್ತಾ ಹೋದೆ, ಡಾಕ್ಟರು ಬರೆಯುತ್ತಾ ಹೋದರು. ಹಾಳೆ ತುಂಬಿತು. ಚೀಟಿಯೂ ಸಿಕ್ಕಿತು.

"ಇದೆಲ್ಲ ನನ್ನ ಕರ್ಮ ಏನ್ರಿ?" ಎಂದಳು ತಿಪ್ಪಮ್ಮ.

"ಕರ್ಮ ಅಲ್ಲಮ್ಮ. ಇಂಥ ತೊಂದರೆ ಉಳ್ಳವರ ಮನೇಲೂ ಆಗುತ್ತೆ. ಕಷ್ಟದ ಮನೆ ಮಕ್ಕಳಿಗೆಲ್ಲ ಆಗಬೇಕು ಅಂತೇನಿಲ್ಲ. ಆದ್ರೆ ಬಸುರಿಗೆ ಊಟ ಇಲ್ಲ, ವಿಶ್ರಾಂತಿ ಇಲ್ಲ, ಮಗು ಹತ್ರ ಕೂತು ಮಾತಾಡೋಕೆ ಹೊತ್ತಿಲ್ಲ ಅಂದ್ರೆ ಸಾಧ್ಯತೆ ಜಾಸ್ತಿ," ಎಂದರು ಡಾಕ್ಟರು.

ನಾವಾದರೋ ಗ್ರಹಣ ಹುಡುಕುತ್ತೇವೆ, ದೃಷ್ಟಿ ತೆಗೆಯುತ್ತೇವೆ, ಕೊನೆಗೆ ತಾಯಿಯನ್ನೇ ಬಯ್ಯುತ್ತೇವೆ. (ನಾನೂ ಬೈದೆನಲ್ಲ!) ಬಸುರಿಯನ್ನು ಬಿಸಿಲಲ್ಲಿ ಬಗ್ಗಿಸಿದವರನ್ನು ಎಂದಾದರೂ ಕೇಳಿದ್ದೇವೆಯೇ?

ಹೊರಗೆ ಬಂದ ತಿಪ್ಪಮ್ಮ ಚೀಟಿ ಮಡಚುತ್ತಾ ನಿಂತಳು. "ಮಂಗಳವಾರ ಬಾ ಅಂದವ್ರೆ. ವಾರ ವಾರ ಕೆಲ್ಸ ಬಿಟ್ರೆ ಹೊಲದ ಗೌಡ್ರು ಬೇರೆಯವರನ್ನ ಕರ್ಕಂತಾರೆ ಮೇಡಂ."

ಆ ಗೌಡ ನನ್ನ ಹಳೇ ವಿದ್ಯಾರ್ಥಿ. ಎಸ್‌ಟಿಡಿ ಬೂತಿನಿಂದ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ಆರಕ್ಕೆ ಪತ್ರ ಬರೆದು, ಊರಿನ ಬಸ್ಸಿಗೆ ಕಾಯುತ್ತಿದ್ದ ತಿಪ್ಪಮ್ಮನ ಕೈಗಿಟ್ಟು, ದಿನದ ಕೆಲಸ ಮುಗಿಸಿದೆ. ಬರೆದದ್ದು ಒಂದೇ ಸಾಲು:

"ಏನಪ್ಪ, ನಿನ್ನ ಈರುಳ್ಳಿಗೆ ದಿನ ತಪ್ಪದೆ ನೀರು ಕಟ್ಟುತ್ತೀಯಲ್ಲ, ಈ ಕೂಸಿಗೆ ಅದರ ತಾಯಿಯನ್ನು ವಾರಕ್ಕೊಂದು ದಿನ ಬಿಡಲಾರೆಯಾ?"