ಎದುರಿಗೊಬ್ಬರು ಬೇಕಾದ ಅಕ್ಷರ

ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೂ ಗಂಗೊಳ್ಳಿಯಲ್ಲಿ ನಾನು ಬರೆದಷ್ಟು ದೊಡ್ಡ ಅಕ್ಷರವನ್ನು ಯಾವ ಮೇಷ್ಟ್ರೂ ಬರೆದಿಲ್ಲ. ಬೋಟುಗಳಿಗೆ ಹೆಸರು ಬರೆಯುವುದು ನನ್ನ ಕಸುಬು. ನನ್ನ ‘ಶ್ರೀ’ಯನ್ನು ಹೊಳೆಯ ಆಚೆ ದಡದಿಂದಲೂ ಓದಬಹುದು. ಇಷ್ಟು ಜಂಬ ಸಾಕು.

ಬೋಟುಗಳು ದಡದಲ್ಲೇ ಕೂರುವ ಮಳೆಗಾಲದ ಆಸಾಡಿ ತಿಂಗಳು ಮುಗಿಯುತ್ತಿತ್ತು. ಬೋಟಿನ ಕೆಲಸಕ್ಕೆ ಒಡಿಶಾ ಕಡೆಯಿಂದ ಬಂದ ಸುನಾರಾಮ ನನ್ನ ಬಣ್ಣದ ಡಬ್ಬಿಯ ಮುಚ್ಚಳದ ಮೇಲೆ ಬೆರಳಲ್ಲಿ ಏನೋ ಗೀಚಿದ. ಅದು ಸಂತಾಲಿ, ಅವನ ಮನೆಮಾತು. ಮೊದಲು ಅದಕ್ಕೆ ಸ್ವಂತ ಲಿಪಿ ಇರಲಿಲ್ಲವಂತೆ. ಅಜ್ಜನ ಕಾಲದಲ್ಲಿ ಅವರ ಪೈಕಿಯವರೇ ಆದ ಮೇಷ್ಟ್ರೊಬ್ಬರು ಹೊಸದಾಗಿ ಕಟ್ಟಿದರಂತೆ. ಒಂದಕ್ಷರ ಅಣಬೆ, ಒಂದು ಕುಡುಗೋಲು, ಇನ್ನೊಂದು ಉಕ್ಕಿ ದಾರಿ ಬದಲಿಸಿದ ಹೊಳೆ. ನಮ್ಮ ಅಕ್ಷರಗಳಿಗೆ ವಯಸ್ಸಾಯಿತು, ಹುಟ್ಟುವಾಗ ಏನಾಗಿದ್ದೆವೆಂದು ಅವಕ್ಕೇ ನೆನಪಿಲ್ಲ. ಅವನವು ಇನ್ನೂ ಗದ್ದೆಯ ಕೆಸರು ತೊಳೆದುಕೊಂಡಿಲ್ಲ.

ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಕುಂದಾಪ್ರ ಕನ್ನಡವೂ ಶಾಲೆಗೆ ಹೋಗುವಾಗ ಯಾರದೋ ಅಂಗಿ ತೊಟ್ಟೇ ಹೋಗುತ್ತದೆ. ಅದಕ್ಕೊಂದು ಸ್ವಂತ ಲಿಪಿಯ ಅಂಗಿ ಹೊಲಿಯೋಣವೆಂದು ಕೂತೆ. ಹೆಂಡತಿ ತೀರಿಕೊಂಡ ಮೇಲೆ ಸಂಜೆಗಳು ಉದ್ದವಾಗಿದ್ದವು. ಬಂಗುಡೆ ಮೀನು, ಲಂಗರು, ಬಲೆಯ ಗಂಟು, ಗಂಜಿಯ ಬಟ್ಟಲು, ಒಂದೊಂದೂ ಚಂದದ ಅಕ್ಷರವಾಯಿತು. ಓದುವವನು ಮಾತ್ರ ನಾನೊಬ್ಬನೇ. ನಾನೇ ಬರೆದು ನಾನೇ ಓದಿದ್ದು, ಊಟಕ್ಕೆ ನನ್ನನ್ನು ನಾನೇ ಕರೆದ ಹಾಗಾಯಿತು.

ಪಕ್ಕದ ಮನೆಯಲ್ಲಿ ಬಲೆ ಹೆಣೆಯುವ ಬಾಬಣ್ಣನಿಗೆ ಬೇಲಿಯಾಚೆಯಿಂದ ತೋರಿಸಿದೆ. “ಇದ್ ಎಂತ ಮರಾಯ, ಮೀನ್ ಮಾರ್ಕೆಟಾ?” ಅಂದ. ಹೆಂಡತಿ ಹೋದ ಮೇಲೆ ನಾನು ಅವನ ಜಗಲಿ ಹತ್ತಿರಲಿಲ್ಲ. ಅಯ್ಯೋ ಪಾಪ ಎನ್ನಿಸಿಕೊಳ್ಳುವುದು ನನಗೆ ಆಗಿಬರುವುದಿಲ್ಲ.

ಸುನಾರಾಮ ಸರಿಯಾಗಿ ನೋಡಿದ, ಮೆಚ್ಚಿದ. ಆಮೇಲೆ, ಇದರಲ್ಲಿ ಮನುಷ್ಯರು ಎಲ್ಲಿ ಎಂದು ಕೇಳಿದ. ಅವರ ಲಿಪಿಯಲ್ಲಿ ತನ್ನತ್ತಲೇ ಬೆರಳು ಮಾಡುವವನು ಒಂದು ಅಕ್ಷರ, ಎದುರಿನವನತ್ತ ಬೆರಳು ಮಾಡುವವನು ಇನ್ನೊಂದು. ಮರುದಿನ ಅವನ ಬೋಟು ಹೊರಟುಹೋಯಿತು.

‘ನಾನು’ ಸುಲಭ, ಕನ್ನಡಿ ಸಾಕು. ‘ನೀನು’ ಬರೆಯಲು ಬೆರಳೆತ್ತಿದರೆ ಎದುರಿಗೆ ಗೋಡೆ. ಗೋಡೆಗೆ ಎಷ್ಟು ದಿನ ಬೆರಳು ತೋರಿಸುವುದು? ಅಕ್ಷರ ಬರೆಯುತ್ತಿದ್ದ ಹಲಗೆ ಹಿಡಿದು ಬಾಬಣ್ಣನ ಜಗಲಿ ಹತ್ತಿದೆ. ಒಂದು ಅಕ್ಷರಕ್ಕಾಗಿ ಸ್ವಲ್ಪ ಹೊತ್ತು ಎದುರು ಕೂರಬೇಕು ಅಂದೆ. ಅವನು ನಗಲಿಲ್ಲ; ಬಲೆ ಬದಿಗಿಟ್ಟ.

“ಕೂಕಂಡೇ ಇಪ್ದಾರೆ ಚಾ ಕುಡ್ಕಂಡ್ ಕೂಕಂಬ.”

ಆ ಅಕ್ಷರವನ್ನು ಅದೇ ಜಗಲಿಯಲ್ಲಿ ಕೂತು ಇನ್ನೂ ತಿದ್ದುತ್ತಲೇ ಇದ್ದೇನೆ. ದಿನವೂ ಎಲ್ಲೋ ಸ್ವಲ್ಪ ಸೊಟ್ಟಗಾಗುತ್ತದೆ. ಬೋಟಿನ ಹೆಸರಾಗಿದ್ದರೆ ಇಷ್ಟು ಹೊತ್ತಿಗೆ ಮುಗಿಸಿರುತ್ತಿದ್ದೆ, ಇದಕ್ಕೆ ಅವಸರವಿಲ್ಲ.