ಕರಿಘಟ್ಟದ ಮೆಟ್ಟಿಲಿಗೆ ಅರಿಶಿನ ಕುಂಕುಮ

ಮೆಟ್ಟಿಲಿಗೆ ಮೊದಲು ಅರಿಶಿನ ಹಚ್ಚಬೇಕೋ ಕುಂಕುಮವೋ ಎಂಬುದು ಅರವತ್ತೆರಡು ವರ್ಷ ಬದುಕಿದ ಮೇಲೂ ನನಗೆ ಗೊತ್ತಿರಲಿಲ್ಲ. ಶ್ರೀರಂಗಪಟ್ಟಣದ ಕೋಟೆಯ ಗೋಡೆ ಎಲ್ಲಿ ಒಡೆಯಿತು ಎಂದು ಕೇಳಿ, ನಿದ್ದೆಗಣ್ಣಲ್ಲೂ ಹೇಳುತ್ತೇನೆ. ಪಾಂಡವಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳಿ ನಿವೃತ್ತನಾದವನು ನಾನು.

ನಮಗೆ ಮಕ್ಕಳಿಲ್ಲ. ಭಾನುವಾರ ಬಂತೆಂದರೆ ನಾನೂ ನನ್ನ ಹೆಂಡತಿಯೂ ಯಾವುದಾದರೊಂದು ಬೆಟ್ಟ ಹತ್ತುತ್ತಿದ್ದೆವು. ಒಮ್ಮೆ ಕುಂತಿಬೆಟ್ಟ, ಒಮ್ಮೆ ಮೇಲುಕೋಟೆ, ಹೆಚ್ಚಾಗಿ ಕರಿಘಟ್ಟ. ಒಟ್ಟಿಗೆ ಹತ್ತುತ್ತಿದ್ದೆವು ಅನ್ನುವುದು ಬಾಯಿಮಾತು. ನಾನು ದಡದಡ ಹತ್ತಿ ತುದಿಯಲ್ಲಿ ನಿಂತು "ಬಂದ್ಯಾ?" ಎಂದು ಕೂಗುತ್ತಿದ್ದೆ. ಕೆಳಗಿನಿಂದ "ಬತ್ತಾ ಇವ್ನಿ, ಕೂತ್ಕಳಿ" ಎಂಬ ಉತ್ತರ ಬರುತ್ತಿತ್ತು. ಕೂರುವ ಜಾಯಮಾನ ನನ್ನದಲ್ಲ. ಅವಳು ಏದುಸಿರು ಬಿಡುತ್ತಾ ಬಂದ ಕೂಡಲೇ ಪಾಠ ಶುರು. ಅದು ಕೋಟೆ, ಅದು ಗುಂಬಜು, ಅಗೋ ಅಲ್ಲಿ ಕಾವೇರಿ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಹೂಂಗುಟ್ಟುತ್ತಿದ್ದಳು. ನಿನಗೆ ಯಾವುದರಲ್ಲೂ ಆಸಕ್ತಿ ಇಲ್ಲ ಎಂದು ನಾನು ರೇಗುತ್ತಿದ್ದೆ.

ಮೂರು ವರ್ಷದ ಹಿಂದೆ ನನ್ನ ಎದೆ ಕೊಯ್ದು ಆಪರೇಷನ್ ಮಾಡಿದರು. ಆಗ ಅವಳು ಹರಕೆ ಹೊತ್ತಳು. ಗಂಡ ನಡೆದುಕೊಂಡು ಮನೆಗೆ ಬಂದರೆ ಕರಿಘಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಇಬ್ಬರೂ ಹತ್ತುತ್ತೇವೆ ಎಂದು. ನಾನು ನಡೆದುಕೊಂಡೇ ಬಂದೆ. ಬೆಟ್ಟಕ್ಕೆ ಮಾತ್ರ ಹೋಗಲಿಲ್ಲ. ಮೆಟ್ಟಿಲು ಮೆಟ್ಟಿಲಿಗೂ ನಿಂತು ಕಾಯುವ ತಾಳ್ಮೆ ಯಾರಿಗಿದೆ? ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗು ಅಂದೆ.

"ಇಬ್ರೂ ಒಟ್ಗೆ ಅತ್ತುದ್ರೇನೇ ಅರ್ಕೆ. ನೀವು ಮುಂದ್ಗಡೆ ಓಡೋದಾದ್ರೆ ಬುಡಿ, ಇನ್ನೊಂದಿನ ಓಗಣ" ಅಂದಳು.

ಆ ಇನ್ನೊಂದು ದಿನ ಬರಲಿಲ್ಲ. ಹೋದ ವರ್ಷ ಆಷಾಢದಲ್ಲಿ ಜ್ವರ ಎಂದು ಮಲಗಿದವಳು ನಾಲ್ಕೇ ದಿನಕ್ಕೆ ಹೋಗಿಬಿಟ್ಟಳು.

ದೇವರ ಗೂಡಿನಲ್ಲಿ ಎರಡು ಸ್ಟೀಲ್ ಡಬ್ಬಿಗಳನ್ನು ಒಂದೇ ಕರ್ಚೀಫಿನಲ್ಲಿ ಗಂಟು ಕಟ್ಟಿ ಇಟ್ಟಿದ್ದಳು. ಒಂದರಲ್ಲಿ ಅರಿಶಿನ, ಒಂದರಲ್ಲಿ ಕುಂಕುಮ. ಯಾವತ್ತು ಹೊರಡು ಅಂದರೂ ಹೊರಡುವಂತೆ ತಯಾರಿದ್ದಳು. ಬಿಚ್ಚಿ ನೋಡಿದ ದಿನ ನನ್ನ ಮೇಲೆ ನನಗೇ ಅಸಹ್ಯವಾಯಿತು. ದೇವರು ದಿಂಡರ ವಿಷಯದಲ್ಲಿ ನಾನು ಅಷ್ಟಕ್ಕಷ್ಟೆ. ಆದರೆ ಇದು ಅವಳು ಬಾಯಿಬಿಟ್ಟು ಕೇಳಿದ್ದ ಒಂದೇ ಒಂದು ಕೆಲಸ. ಅದನ್ನು ಮಾಡದೆ ಉಳಿದರೆ ಆ ಮನೆಯಲ್ಲಿ ಒಬ್ಬನೇ ಕೂತು ಉಣ್ಣುವುದು ನನ್ನಿಂದಾಗುತ್ತಿರಲಿಲ್ಲ.

ಜನ ಇರಬಾರದೆಂದು ಒಂದು ಮಂಗಳವಾರ ಬೆಳಿಗ್ಗೆ ಹೋದೆ. ಗಂಡಸು ಬಗ್ಗಿ ಬಗ್ಗಿ ಮೆಟ್ಟಿಲಿಗೆ ಕುಂಕುಮ ಇಡುವುದನ್ನು ಕಂಡು ಯಾರಾದರೂ ನಕ್ಕಾರು ಎಂಬ ಅಳುಕು ಬೇರೆ. ಎರಡು ಡಬ್ಬಿ ಹಿಡಿದು ಹತ್ತುವುದು ರಗಳೆ. ಹತ್ತುವಾಗ ಕುಂಕುಮ, ಇಳಿಯುವಾಗ ಅರಿಶಿನ ಎಂದು ಮೇಷ್ಟ್ರ ಬುದ್ಧಿ ಓಡಿಸಿದೆ. ಇಪ್ಪತ್ತು ಮೆಟ್ಟಿಲು ಸರಸರ ಮುಗಿಯಿತು. ಆಗ ಹುಲ್ಲಿನ ಹೊರೆ ಹೊತ್ತು ಇಳಿದು ಬರುತ್ತಿದ್ದ ಹೆಂಗಸೊಬ್ಬಳು ನಿಂತಳು.

"ಅಯ್ಯೋ ಯಜಮಾನ್ರೇ, ಬರೀ ಕುಂಕ್ಮ ಮಡಗ್ತಾ ಇದ್ದೀರಲ್ಲ! ಮೊದ್ಲು ಅರಿಸ್ನ ಅಚ್ಚಿ, ಅದ್ರ ಮ್ಯಾಲೆ ಕುಂಕ್ಮ ಇಕ್ಬೇಕು. ಮನೇಲಿ ಎಂಗಸ್ರು ಯೋಳ್ಲಿಲ್ವಾ?"

"ಅರಿಶಿನ ಇಳಿಯುವಾಗ ಹಚ್ತೀನಿ" ಎಂದು ಗದರಿದೆ. ಆಮೇಲೆ ಯಾಕೋ ದನಿ ಇಳಿಯಿತು. "ಅವಳು ಇಲ್ಲಮ್ಮ. ಇದು ಅವಳ ಹರಕೆ."

ಆ ಹೆಂಗಸು ಹೊರೆಯನ್ನು ಸರಿಮಾಡಿಕೊಂಡಳು. "ಇಳೀತಾ ಅರ್ಕೆ ತೀರ್ಸೋರು ಯಾರೂ ಇಲ್ಲ ಕಣಪ್ಪ. ಕೆಳಗ್ನಿಂದ ಬನ್ನಿ. ನಿಧಾನ್ವಾಗಿ ಬನ್ನಿ, ಬೆಟ್ಟ ಎಲ್ಗೂ ಓಗಾಕಿಲ್ಲ."

ಸಿಟ್ಟು ಬಂತು. ಆದರೂ ಅವಳ ಹಿಂದೆಯೇ ಕೆಳಗಿಳಿದೆ. ಇಟ್ಟಿದ್ದ ಕುಂಕುಮವನ್ನು ಕರ್ಚೀಫಿನಿಂದ ಒರೆಸಿ, ಮೊದಲನೇ ಮೆಟ್ಟಿಲಿನಿಂದ ಮತ್ತೆ ಶುರು ಮಾಡಿದೆ. ಬಗ್ಗು, ಅರಿಶಿನ, ಕುಂಕುಮ, ಏಳು. ಸೊಂಟ ಹಿಡಿದುಕೊಂಡಾಗ ನಿಂತು ತಿರುಗುತ್ತಿದ್ದೆ. ಸ್ವಲ್ಪ ಮೇಲೆ ಬಂದಾಗ ಲೋಕಪಾವನಿ ಹೊಳೆ ಕಂಡಿತು, ಬಟ್ಟೆ ಒಗೆಯುತ್ತಿದ್ದವರ ಸೀರೆಗಳು ಬಂಡೆಯ ಮೇಲೆ ಹರಡಿದ್ದವು. ಇನ್ನಷ್ಟು ಮೇಲೆ, ಭತ್ತದ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದವರ ಸಾಲು. ಆಮೇಲೆ ತೆಂಗಿನ ತೋಟದಾಚೆ ರಂಗನಾಥನ ಗೋಪುರ. ಇಷ್ಟು ವರ್ಷ ನಾನು ತುದಿಯಲ್ಲಿ ನಿಂತು ನೋಡಿದ್ದು ಕೋಟೆ ಮತ್ತು ಗುಂಬಜು. ಈ ಸೀರೆಗಳನ್ನು, ಈ ನಾಟಿಯವರನ್ನು ನೋಡಿರಲಿಲ್ಲ. ನನ್ನ ಹೆಂಡತಿ ಮಾತ್ರ ಪ್ರತಿ ಸಲವೂ ಇಲ್ಲೆಲ್ಲ ನಿಂತು ನೋಡಿಕೊಂಡೇ ಬರುತ್ತಿದ್ದಳು. ಮೇಲೆ ಬರುವಷ್ಟರಲ್ಲಿ ಇದನ್ನೆಲ್ಲ ನೋಡಿ ಅವಳ ಕಣ್ಣು ತಣಿದಿರುತ್ತಿತ್ತು. ನನ್ನ ಪಾಠ ಅವಳಿಗೆ ಯಾಕೆ ಬೇಕಿತ್ತು? ಹತ್ತು ಹೆಜ್ಜೆ ಹಿಂದೆ ಉಳಿದು ಅವಳ ಪಕ್ಕದಲ್ಲಿ ನಡೆದಿದ್ದರೆ ತೋರಿಸುತ್ತಿದ್ದಳೇನೋ. ಅಲ್ಲೇ ಮೆಟ್ಟಿಲ ಮೇಲೆ ನಿಂತೇ ಅತ್ತುಬಿಟ್ಟೆ.

ಕೊನೆಯ ಮೆಟ್ಟಿಲು ಮುಗಿಯುವಾಗ ಬಿಸಿಲೇರಿತ್ತು. ಗುಡಿಯ ಬಾಗಿಲು ಹಾಕಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ಅಭ್ಯಾಸಬಲದಿಂದ ತಿರುಗಿ ಕೆಳಗೆ ನೋಡಿದೆ. ಹಳದಿ ಕೆಂಪು ಗುರುತುಗಳು ಬುಡದವರೆಗೂ ಇದ್ದವು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. "ಬಂದ್ಯಾ?" ಎಂದು ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ.

"ಕೂತ್ಕಳಿ" ಎಂದು ಅವಳು ಪ್ರತಿ ಸಲ ಹೇಳುತ್ತಿದ್ದಳು, ನಾನು ಒಂದು ಸಲವೂ ಕೇಳಿರಲಿಲ್ಲ. ಅವತ್ತು ಕೂತುಕೊಂಡೆ.