ಕಲಶದೊಳಗೆ ಕೂತ ಪ್ಯಾರಿಸ್ ಬಿಲ್ಲೆ

ಮೂರು ವರ್ಷದ ಹಿಂದಿನ ವರಮಹಾಲಕ್ಷ್ಮಿ ಹಬ್ಬ. ಚಿಂತಾಮಣಿಯ ನಮ್ಮ ಮನೆಯಲ್ಲಿ ಎಲ್ಲರೂ ದೇವಿಗೆ ಕಾಯುತ್ತಿದ್ದರೆ, ನಾನು ಶಿಡ್ಲಘಟ್ಟದ ಬಾಷಾ ಸಾಹೇಬರಿಗೆ ಕಾಯುತ್ತಿದ್ದೆ.

ನನಗೊಂದು ಹುಚ್ಚಿದೆ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಲಂಡನ್, ಪ್ಯಾರಿಸ್‌ಗಳಲ್ಲಿ ನಡೆದ ವಿಶ್ವಮೇಳಗಳ ನೆನಪಿಗೆ ಅಚ್ಚು ಹಾಕಿಸಿದ ಹಿತ್ತಾಳೆ, ತಾಮ್ರದ ಬಿಲ್ಲೆಗಳನ್ನು ಕೂಡಿಡುವುದು. ಅಮ್ಮನ ಪ್ರಕಾರ ಅದೆಲ್ಲ ಗುಜರಿ. ರೇಷ್ಮೆ ರೀಲಿಂಗ್ ಘಟಕ ನಡೆಸುವ ಬಾಷಾ ಸಾಹೇಬರಿಗೂ ಇದೇ ಹುಚ್ಚು. ಅವರ ಬಳಿಯಿದ್ದ, ಲಂಡನ್ ಮೇಳ ನಡೆದ ಗಾಜಿನರಮನೆಯ ಚಿತ್ರವಿದ್ದ ಬಿಲ್ಲೆಗೆ ನಾನು ವರ್ಷಗಟ್ಟಲೆ ಬಾಯಿಬಿಟ್ಟುಕೊಂಡು ಕೂತಿದ್ದೆ. ನನ್ನ ಪ್ಯಾರಿಸ್ ಬಿಲ್ಲೆಗೆ ಬದಲಾಗಿ ಅದನ್ನು ಕೊಡಲು ಅವರು ಕೊನೆಗೂ ಒಪ್ಪಿದ್ದರು.

ಶುಕ್ರವಾರದ ನಮಾಜು ಮುಗಿಸಿಕೊಂಡು ಬಂದರು. ನಾನು ಗತ್ತಿನಿಂದ ಬಿಲ್ಲೆಗಳ ಡಬ್ಬಿ ತೆರೆದೆ. ಪ್ಯಾರಿಸ್ ಇರಬೇಕಾದ ಜಾಗ ಖಾಲಿ!

"ಅಮ್ಮಾ, ಇದರಲ್ಲಿದ್ದ ಬಿಲ್ಲೆ ಎಲ್ಲಿ?"

"ಕಲಶದೊಳಕ್ಕೆ ಹಾಕ್ದೆ ಕಣಪ್ಪ. ಅದ್ರ ಮೇಲೆ ಒಬ್ಳು ಕಿರೀಟ ಇಟ್ಕೊಂಡು, ಕೈಯಲ್ಲಿ ಹಾರ ಹಿಡ್ಕೊಂಡು ಕೂತವ್ಳೆ. ಲಕ್ಷ್ಮಿ ಅಲ್ದೆ ಇನ್ಯಾರು? ನೀನು ನೋಡಿದ್ರೆ ಡಬ್ಬಿಲಿ ತುರುಕಿದ್ದೀಯ!"

"ತೆಗೆದುಕೊಡಮ್ಮ, ಅವರು ಕಾಯ್ತಿದಾರೆ."

"ಪೂಜೆ ಆದ್ಮೇಲೆ ಕಲಶ ಕದಲಿಸ್ತಾರೇನೋ? ನಾಳೆ ಬೆಳಗ್ಗೆವರೆಗೂ ಮುಟ್ಟಂಗಿಲ್ಲ."

ನನಗೆ ಅಳುವೊಂದೇ ಬಾಕಿ. ಬಾಷಾ ಸಾಹೇಬರೇ ಸಮಾಧಾನ ಮಾಡಿದರು. "ಬಿಡಿ ಸಾರ್, ದೇವ್ರ ಹತ್ರ ಇರೋದು ಎಲ್ಲಿಗೋಗ್ತದೆ? ನಾಳೆ ಬರ್ತೀನಿ" ಎಂದು ಒಬ್ಬಟ್ಟು ತಿಂದು ಹೊರಟರು.

ಮರುದಿನ ಅವರೆದುರೇ ಅಮ್ಮ ಕಲಶದ ಅಕ್ಕಿಯಿಂದ ಬಿಲ್ಲೆ ತೆಗೆದಳು, ಕಣ್ಣಿಗೊತ್ತಿಕೊಂಡಳು, ನೇರವಾಗಿ ತನ್ನ ಬೀರುವಿನತ್ತ ನಡೆದಳು!

"ಕಲಶದ ಕಾಸು ಯಾರಾದ್ರೂ ಹೊರಗೆ ಕೊಡ್ತಾರಾ? ಮನೆ ಲಕ್ಷ್ಮಿನೇ ಹೊರಟೋಗ್ತಾಳೆ."

"ಬದಲಿಗೆ ಇದು ಬರುತ್ತಲ್ಲಮ್ಮ!" ಎಂದು ಗಾಜಿನರಮನೆ ತೋರಿಸಿದೆ.

ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಬರೀ ಕಟ್ಟಡ. ದೇವ್ರಿಲ್ಲದ ಗುಡಿ ತಗೊಂಡು ಏನ್ ಮಾಡ್ತೀಯಪ್ಪ?"

ಬಾಷಾ ಸಾಹೇಬರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ನಮ್ ಅಮ್ಮೀನೂ ಹಿಂಗೇ ಸಾರ್. ಇವ್ರ ಮುಂದೆ ನಮ್ಮಾಟ ನಡೆಯಲ್ಲ" ಎಂದು ಗಾಜಿನರಮನೆಯನ್ನು ಜೇಬಿಗಿಳಿಸಿದರು.

ಆ ಹೊಟ್ಟೆಯುರಿ ನನಗೆ ಇನ್ನೂ ಆರಿಲ್ಲ. ಪ್ಯಾರಿಸ್ ಈಗ ಅಮ್ಮನ ರೇಷ್ಮೆ ಸೀರೆಗಳ ಮಡಿಕೆಯಲ್ಲಿದೆ. ಪ್ರತಿ ವರ್ಷ ಹಬ್ಬಕ್ಕೆ ಮತ್ತೆ ಕಲಶ ಸೇರುತ್ತದೆ; ಮರುದಿನ, ಅಮ್ಮ ಕಲಶ ತೊಳೆದಿಡುವಷ್ಟು ಹೊತ್ತು ಮಾತ್ರ ನಮ್ಮ ಕೈಗೆ ಸಿಗುತ್ತದೆ. ಅದಕ್ಕೆಂದೇ ಬಾಷಾ ಸಾಹೇಬರು ತಪ್ಪದೆ ಬರುತ್ತಾರೆ. ಭೂತಗನ್ನಡಿ ಹಿಡಿದು, ತಲೆಗೆ ತಲೆ ತಾಗಿಸಿ ಇಬ್ಬರೂ ನೋಡುತ್ತೇವೆ. ನಿಜ ಹೇಳಬೇಕೆಂದರೆ, ಡಬ್ಬಿಯಲ್ಲಿ ನನ್ನದಾಗಿದ್ದಾಗ ಅದನ್ನು ಇಷ್ಟು ಆಸೆಯಿಂದ ನಾನು ನೋಡಿರಲೇ ಇಲ್ಲ.

ಅಷ್ಟರಲ್ಲಿ ಅಮ್ಮ ಒದ್ದೆ ಕೈ ಚಾಚುತ್ತಾಳೆ. "ದರ್ಶನ ಆಯ್ತಲ್ಲ, ಇಲ್ಲಿ ಕೊಡ್ರಪ್ಪ."